ಪ್ರಯಾಣದಲ್ಲಿ ಇನ್ಸುಲಿನ್ ತಂಪಾಗಿಡಲು ಕಾರಿನ ಮಿನಿ ಫ್ರಿಜ್ ಕೊಳ್ಳಬೇಕೇ?

ಏಪ್ರಿಲ್ ತಿಂಗಳಿನಲ್ಲಿ ಕೋಲಾರದಿಂದ ತಾಯಿಯವರನ್ನು ಕಾರಿನಲ್ಲಿ ಕರೆದುಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿಗಳಿಗೆ ಒಂದು ವಾರದ ಯಾತ್ರೆ ಹೊರಟಿರುವುದಾಗಿಯೂ, ಅವರು ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಪೆನ್ ಬಳಸುವುದಾಗಿಯೂ ಬರೆದು, ಆನ್‌ಲೈನ್‌ನಲ್ಲಿ ಸಿಗುವ ನಾಲ್ಕು ಲೀಟರಿನ ಮಿನಿ ಫ್ರಿಜ್ ಕೊಂಡರೆ ಸಾಕೇ ಎಂದು ಕೇಳಿದ್ದೀರಿ. ನಾನು ತುಮಕೂರು ಜಿಲ್ಲೆಯ ಶಿರಾದಲ್ಲಿ ಔಷಧದ ಅಂಗಡಿ ನಡೆಸುತ್ತೇನೆ, ನನ್ನ ಮನೆಯಲ್ಲಿಯೂ ಇನ್ಸುಲಿನ್ ತೆಗೆದುಕೊಳ್ಳುವವರಿದ್ದಾರೆ. ಬೇಸಿಗೆ ಬಂತೆಂದರೆ ಇದೇ ಪ್ರಶ್ನೆಯನ್ನು ಅಂಗಡಿಯ ಕಟ್ಟೆಯ ಮೇಲೂ ಕೇಳುತ್ತಾರೆ. ನಿಮ್ಮ ಈ ಯಾತ್ರೆಗೆ ಆ ಫ್ರಿಜ್ ಬೇಕಾಗಿಲ್ಲ ಎಂಬುದೇ ನನ್ನ ಉತ್ತರ.

ಯಂತ್ರದ ವಿಚಾರಕ್ಕಿಂತ ಮೊದಲು ಔಷಧಕ್ಕೆ ಎಷ್ಟು ತಂಪು ಬೇಕೆಂದು ನೋಡೋಣ. ಇನ್ನೂ ಬಳಸಲು ತೊಡಗದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಟ್ಟರೆ ಪೊಟ್ಟಣದ ಮೇಲೆ ಮುದ್ರಿಸಿದ ದಿನಾಂಕದವರೆಗೂ ಅದು ಕೆಡುವುದಿಲ್ಲ. ಆದರೆ ಒಮ್ಮೆ ಬಳಸಲು ಆರಂಭಿಸಿದ ಪೆನ್ನನ್ನು ಫ್ರಿಜ್‌ನಲ್ಲಿ ಇಡಬೇಕೆಂದೇನೂ ಇಲ್ಲ. ಹೆಚ್ಚಿನವುಗಳನ್ನು 30 ಡಿಗ್ರಿ ಮೀರದ ಜಾಗದಲ್ಲಿ ಸುಮಾರು 28 ದಿನ ಹೊರಗೆ ಇಟ್ಟುಕೊಳ್ಳಬಹುದು. ಡೆಟೆಮಿರ್ ಬಗೆಯದಕ್ಕೆ 42 ದಿನ, ಡೆಗ್ಲುಡೆಕ್ ಬಗೆಯದಕ್ಕೆ 56 ದಿನ ಅವಕಾಶವಿದೆ, ಕೆಲವಕ್ಕೆ ಮಿತಿ 25 ಡಿಗ್ರಿ. ಆದ್ದರಿಂದ ಪೊಟ್ಟಣದೊಳಗೆ ಮಡಚಿಟ್ಟಿರುವ ಚೀಟಿಯನ್ನು ಎಸೆಯದೆ ಒಮ್ಮೆ ಓದಿಕೊಳ್ಳಿ. ಹೆಚ್ಚುವರಿಯಾಗಿ ಒಯ್ಯುವ ಹೊಸ ಪೆನ್ನಿಗೂ ಸಾಮಾನ್ಯವಾಗಿ ಇದೇ ಲೆಕ್ಕ ಸಲ್ಲುತ್ತದೆ: ಫ್ರಿಜ್‌ನಿಂದ ಹೊರತೆಗೆದ ದಿನಾಂಕವನ್ನು ಅದರ ಮೇಲೆ ಬರೆದಿಟ್ಟು, ಅಂದಿನಿಂದ 28 ದಿನದೊಳಗೆ ಬಳಸಿ ಮುಗಿಸಿದರಾಯಿತು. ಅಂದರೆ ಒಂದು ವಾರದ ಯಾತ್ರೆಯಲ್ಲಿ ನೀವು ಕಾಯಬೇಕಾದ್ದು 2ರಿಂದ 8 ಡಿಗ್ರಿಯ ತಂಪನ್ನಲ್ಲ. ಔಷಧ 30 ಡಿಗ್ರಿ ದಾಟಬಾರದು, ಯಾವ ಕಾರಣಕ್ಕೂ ಹೆಪ್ಪುಗಟ್ಟಬಾರದು, ಇವೆರಡನ್ನು ಮಾತ್ರ.

ಈಗ ಫ್ರಿಜ್‌ನ ವಿಚಾರ. ನೀವು ನೋಡಿರುವ ಸಣ್ಣ ಫ್ರಿಜ್‌ಗಳಲ್ಲಿ ಮನೆಯ ಫ್ರಿಜ್‌ನಲ್ಲಿರುವಂತಹ ಕಂಪ್ರೆಸರ್ ಇರುವುದಿಲ್ಲ. 1834ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಎಂಬ ವಿಜ್ಞಾನಿ ಗುರುತಿಸಿದ ಒಂದು ಗುಣದ ಮೇಲೆ ಅವು ಕೆಲಸ ಮಾಡುತ್ತವೆ: ಒಂದು ತೆಳುವಾದ ಬಿಲ್ಲೆಯ ಮೂಲಕ ವಿದ್ಯುತ್ ಹರಿಸಿದಾಗ ಅದರ ಒಂದು ಮುಖ ತಣ್ಣಗಾಗಿ ಇನ್ನೊಂದು ಮುಖ ಬಿಸಿಯಾಗುತ್ತದೆ, ಆ ಬಿಸಿಯನ್ನು ಫ್ಯಾನ್ ಹೊರಕ್ಕೆ ತಳ್ಳುತ್ತದೆ. ಇಂತಹ ಪೆಟ್ಟಿಗೆ ಹೊರಗಿನ ಗಾಳಿಗಿಂತ ಹೆಚ್ಚೆಂದರೆ 15ರಿಂದ 20 ಡಿಗ್ರಿಯಷ್ಟು ಮಾತ್ರ ತಂಪು ಕೊಡಬಲ್ಲದು. ಜಾಹೀರಾತಿನಲ್ಲಿ 20 ಡಿಗ್ರಿ ಎಂದು ದಪ್ಪ ಅಕ್ಷರದಲ್ಲಿ ಬರೆದಿರುವುದು ಈ ವ್ಯತ್ಯಾಸವನ್ನೇ ಹೊರತು ಒಳಗಿನ ಉಷ್ಣತೆಯನ್ನಲ್ಲ. ಏಪ್ರಿಲ್ ಮಧ್ಯಾಹ್ನ ಹೊರಗೆ 37 ಡಿಗ್ರಿ ಇದ್ದರೆ ಒಳಗೆ 17ರಿಂದ 22 ಇದ್ದೀತು. ಫ್ರಿಜ್ ಎಂಬ ಹೆಸರನ್ನು ನಂಬಿ 2ರಿಂದ 8 ಡಿಗ್ರಿ ಸಿಗುತ್ತದೆಂದು ಭಾವಿಸಿದವರಿಗೆ ಅದು ಸಿಗುವುದೇ ಇಲ್ಲ. ಇದೇ ಪೆಟ್ಟಿಗೆಯನ್ನು ಡಿಸೆಂಬರ್ ತಿಂಗಳಿನಲ್ಲಿ ನಂದಿ ಬೆಟ್ಟಕ್ಕೆ ಒಯ್ದು ರಾತ್ರಿಯೆಲ್ಲ ಚಾಲೂ ಇಟ್ಟರೆ ಆಗ ಎದುರಾಗುವುದು ವಿರುದ್ಧವಾದ ಅಪಾಯ. ಅಗ್ಗದ ಮಾದರಿಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿರುವುದರಿಂದ ಅವು ತಾವಾಗಿ ನಿಲ್ಲುವುದಿಲ್ಲ, ತಣ್ಣನೆಯ ಫಲಕಕ್ಕೆ ತಗುಲಿಕೊಂಡ ಔಷಧ ಹೆಪ್ಪುಗಟ್ಟಬಹುದು.

ಇದಕ್ಕಿಂತಲೂ ನನಗೆ ಹೆಚ್ಚು ಭಯವಿರುವುದು ಅದರ ಹಿಂಬದಿಯ ಒಂದು ಸ್ವಿಚ್ಚಿನ ಬಗ್ಗೆ. ಈ ಪೆಟ್ಟಿಗೆಗಳಲ್ಲಿ ಅನೇಕವು ಊಟ ಬಿಸಿಯಾಗಿಡುವುದಕ್ಕೂ ಬಳಕೆಯಾಗುವುದರಿಂದ, ಸ್ವಿಚ್ಚನ್ನು ಆ ಕಡೆಗೆ ತಿರುಗಿಸಿದರೆ ಒಳಗೆ 50 ಡಿಗ್ರಿಗೂ ಮೀರಿ ಕಾಯುತ್ತದೆ. ಸಾಮಾನು ತುಂಬುವಾಗಲೋ ಮಕ್ಕಳ ಕೈ ತಗುಲಿಯೋ ಆ ಸ್ವಿಚ್ಚು ಸರಿದುಹೋದರೆ ಯಾರ ಗಮನಕ್ಕೂ ಬಾರದೆ ಇಡೀ ಔಷಧ ಹಾಳಾಗುತ್ತದೆ. ಮನೆಯಲ್ಲಿ ಈಗಾಗಲೇ ಇಂಥದ್ದನ್ನು ಇಟ್ಟುಕೊಂಡಿರುವವರು ದಯವಿಟ್ಟು ಇಂದೇ ಆ ಸ್ವಿಚ್ಚಿನ ಮೇಲೆ ಗಟ್ಟಿಯಾಗಿ ಟೇಪ್ ಅಂಟಿಸಿರಿ.

ಇನ್ನು ಕಾರು ನಿಂತಾಗಿನ ಪರಿಸ್ಥಿತಿಯನ್ನು ಯೋಚಿಸಿ. ದರ್ಶನದ ಸಾಲಿನಲ್ಲಿ ಎರಡು ಮೂರು ಗಂಟೆ ಹಿಡಿಯಬಹುದು, ಅಷ್ಟು ಹೊತ್ತೂ ಕಾರು ಬಿಸಿಲಿನಲ್ಲಿ ನಿಂತಿರುತ್ತದೆ. ಹಲವು ಕಾರುಗಳಲ್ಲಿ ಕೀಲಿ ತೆಗೆದೊಡನೆ 12 ವೋಲ್ಟಿನ ಸಾಕೆಟ್‌ಗೆ ವಿದ್ಯುತ್ ನಿಂತುಹೋಗುತ್ತದೆ. ನಿಲ್ಲದ ಕಾರುಗಳಲ್ಲಿ 48 ವ್ಯಾಟಿನ ಪೆಟ್ಟಿಗೆಯೊಂದು ಗಂಟೆಗೆ 4 ಆಂಪಿಯರ್-ಅವರ್‌ನಂತೆ ಎಳೆದು, 35 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿಯ ಅರ್ಧದಷ್ಟನ್ನು ನಾಲ್ಕೂವರೆ ಗಂಟೆಯೊಳಗೆ ಮುಗಿಸುತ್ತದೆ. ಕಿಟಕಿ ಮುಚ್ಚಿದ ಕಾರಿನ ಒಳಗೆ 50 ಡಿಗ್ರಿ ದಾಟುವುದು ಬೇಸಿಗೆಯಲ್ಲಿ ಸಾಮಾನ್ಯವಾದ್ದರಿಂದ, ಫ್ರಿಜ್ ಓಡುತ್ತಿದ್ದರೂ ಒಳಗೆ 30 ಡಿಗ್ರಿ ಮೀರಬಹುದು. ಆದಕಾರಣ ಔಷಧ ಇರಬೇಕಾದ್ದು ಕಾರಿನಲ್ಲಲ್ಲ, ತಾಯಿಯವರ ಕೈಚೀಲದಲ್ಲಿ, ಸಕ್ಕರೆ ಏಕಾಏಕಿ ಇಳಿದರೆ ಬೇಕಾಗುವ ಗ್ಲುಕೋಸ್ ಪುಡಿಯ ಜೊತೆಗೆ. ನಾಲ್ಕು ಲೀಟರಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಸಾಲಿನಲ್ಲಿ ನಿಲ್ಲುವುದಂತೂ ಆಗದ ಮಾತು.

ಹಾಗಾದರೆ ಏನು ಕೊಳ್ಳಬೇಕು? ನೀರಿನಲ್ಲಿ ನೆನೆಸಿ ಬಳಸುವ ಇನ್ಸುಲಿನ್ ಚೀಲಗಳು ಸಿಗುತ್ತವೆ. ಅವುಗಳ ಒಳಪದರದಲ್ಲಿರುವ ಹರಳುಗಳು ಕೆಲವು ನಿಮಿಷಗಳಲ್ಲಿ ನೀರು ಹೀರಿ ಉಬ್ಬುತ್ತವೆ, ಆ ನೀರು ನಿಧಾನವಾಗಿ ಆವಿಯಾಗುತ್ತ ಒಳಗಿನ ಪೆನ್ನನ್ನು ತಂಪಾಗಿಡುತ್ತದೆ; ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಯಾವ ರೀತಿಯೋ ಇದೂ ಅದೇ ರೀತಿ. ವಿದ್ಯುತ್ ಬೇಡ, ಹೆಪ್ಪುಗಟ್ಟುವ ಭಯವಿಲ್ಲ. ಗಾಳಿಯಾಡುವಂತೆ ಇಡಬೇಕು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದರೆ ಅದು ಕೆಲಸ ಮಾಡುವುದಿಲ್ಲ. ಕೋಲಾರ, ಶಿರಾ, ಪಾವಗಡಗಳ ಒಣ ಸೆಕೆಯಲ್ಲಿ ಈ ಚೀಲ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನೀವು ಶಿರಾಡಿ ಘಾಟಿ ಇಳಿದು ಕರಾವಳಿ ಸೇರಿದ ಮೇಲೆ ಅಲ್ಲಿನ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ನೀರು ಬೇಗ ಆವಿಯಾಗದೆ ತಂಪು ಕಡಿಮೆಯಾಗುತ್ತದೆ. ನಿಮ್ಮ ಯಾತ್ರೆಯ ಅರ್ಧ ಭಾಗ ಅಲ್ಲೇ ಕಳೆಯುವುದರಿಂದ ಚೀಲವೊಂದನ್ನೇ ನಂಬಬೇಡಿ; ಜೊತೆಗೆ ಗಟ್ಟಿಯಾದ ಶಾಖನಿರೋಧಕ ಡಬ್ಬಿಯೊಂದನ್ನೂ ಎರಡು ಜೆಲ್ ಪ್ಯಾಕ್‌ಗಳನ್ನೂ ಇಟ್ಟುಕೊಳ್ಳಿ.

ಜೆಲ್ ಪ್ಯಾಕ್ ಬಳಸುವ ಕ್ರಮವನ್ನು ನಮ್ಮ ಎಎನ್‌ಎಂ ಸಿಸ್ಟರ್‌ಗಳಿಂದ ಕಲಿಯಬೇಕು. ಅಂಗನವಾಡಿಗೆ ಲಸಿಕೆಯ ಡಬ್ಬಿ ತರುವ ಅವರು ಐಸ್ ಪ್ಯಾಕ್‌ಗಳನ್ನು ಫ್ರೀಜರ್‌ನಿಂದ ತೆಗೆದವರೇ ನೇರವಾಗಿ ಡಬ್ಬಿಗೆ ಹಾಕುವುದಿಲ್ಲ. ಸ್ವಲ್ಪ ಹೊತ್ತು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿಸಿದ ಮೇಲಷ್ಟೇ ಹಾಕುತ್ತಾರೆ, ಏಕೆಂದರೆ ಹೆಪಟೈಟಿಸ್ ಬಿ, ಪೆಂಟಾವೆಲೆಂಟ್ ಮೊದಲಾದ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರವು. ಇನ್ಸುಲಿನ್‌ಗೂ ಇದೇ ನಿಯಮ. ಜೆಲ್ ಪ್ಯಾಕ್ ಮೆತ್ತಗಾಗುವವರೆಗೆ ಹೊರಗಿಟ್ಟು, ಅದಕ್ಕೆ ಬಟ್ಟೆ ಸುತ್ತಿ, ಪೆನ್ನಿಗೆ ನೇರವಾಗಿ ತಗುಲದಂತೆ ಇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿ ಕಂಡರೂ ಅದನ್ನು ಬಳಸಬಾರದು. ರಾತ್ರಿ ವಸತಿಗೃಹದಲ್ಲಿ ಜೆಲ್ ಪ್ಯಾಕ್ ಮಾತ್ರ ಅವರ ಫ್ರೀಜರ್‌ಗೆ ಕೊಡಿ, ಔಷಧವನ್ನು ಕೋಣೆಯಲ್ಲಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಅಡುಗೆಮನೆಯ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಪೆನ್ನನ್ನೂ ಫ್ರೀಜರ್‌ಗೆ ಸೇರಿಸುವ ಸಾಧ್ಯತೆ ಇದೆ.

ಡಬ್ಬಿಯೊಳಗೆ ಗರಿಷ್ಠ ಮತ್ತು ಕನಿಷ್ಠ ಉಷ್ಣತೆ ಎರಡನ್ನೂ ನೆನಪಿಟ್ಟುಕೊಳ್ಳುವ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಇರಲಿ. ಹೊರಡುವ ಒಂದು ವಾರ ಮೊದಲು ಔಷಧದ ಬದಲು ನೀರಿನ ಸಣ್ಣ ಸೀಸೆಯಿಟ್ಟು, ಮನೆಯಲ್ಲಿ ಹೆಚ್ಚು ಸೆಕೆಯಿರುವ ಕೋಣೆಯಲ್ಲಿ ಇಡೀ ದಿನ ಬಿಟ್ಟು ಪರೀಕ್ಷಿಸಿ. ಯಾವ ಕಂಪನಿಯ ಡಬ್ಬಿ ಒಳ್ಳೆಯದೆಂಬ ಚರ್ಚೆಗಿಂತ ಈ ಪರೀಕ್ಷೆ ನಿಮಗೆ ಹೆಚ್ಚು ತಿಳಿಸುತ್ತದೆ.

ಕೊಳ್ಳಲೇಬೇಕಾದವರೂ ಇದ್ದಾರೆ. ಮೂಳೆ ಸವೆತಕ್ಕೆ ಕೊಡುವ ಟೆರಿಪ್ಯಾರಟೈಡ್‌ನಂತಹ ಚುಚ್ಚುಮದ್ದನ್ನು ಬಳಕೆಗೆ ತೆರೆದ ಮೇಲೂ 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಕೆಲವು ತಿಂಗಳಿಗೆ ಸಾಲುವಷ್ಟು ಇನ್ಸುಲಿನ್ ಒಯ್ಯುವವರಿಗೂ ಅಷ್ಟೇ ತಂಪು ಬೇಕು. ಅಂಥವರು ಹಣ ಹಲವು ಪಟ್ಟು ಹೆಚ್ಚಾದರೂ 12 ವೋಲ್ಟಿನಲ್ಲಿ ಓಡುವ, ಉಷ್ಣತೆಯನ್ನು ನಿಗದಿಪಡಿಸಬಹುದಾದ, ಬ್ಯಾಟರಿ ಇಳಿಯುತ್ತಿದ್ದಂತೆ ತಾನೇ ನಿಲ್ಲುವ ಕಂಪ್ರೆಸರ್ ಫ್ರಿಜ್ಜನ್ನೇ ಕೊಳ್ಳಬೇಕು. ಅದನ್ನು 5 ಡಿಗ್ರಿಗೆ ಇಟ್ಟು, ಔಷಧ ಗೋಡೆಗೆ ತಾಗದಂತೆ ಡಬ್ಬಿಯಲ್ಲಿ ಹಾಕಿಡಬೇಕು.

ಇಷ್ಟಾದರೂ ಔಷಧದ ಬಗ್ಗೆ ಅನುಮಾನ ಬಂದರೆ ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ, ಅಥವಾ ಸಹಜವಾಗಿಯೇ ಬೆಳ್ಳಗಿರುವ ಮಿಶ್ರ ಇನ್ಸುಲಿನ್ ಮೆಲ್ಲಗೆ ಉರುಳಿಸಿದ ಮೇಲೂ ಗಂಟುಗಂಟಾಗಿ ಗಾಜಿಗೆ ಅಂಟಿಕೊಂಡಿದ್ದರೆ ಬಿಸಾಡಿ. ನೋಡಲು ಸರಿಯಾಗಿದ್ದೂ ಸಕ್ಕರೆ ಕಾರಣವಿಲ್ಲದೆ ಏರುತ್ತಿದ್ದರೆ ವೈದ್ಯರಿಗೆ ಫೋನ್ ಮಾಡಿ ಹೊಸ ಪೆನ್ ತೆರೆಯಿರಿ. ವೈದ್ಯರ ಚೀಟಿಯ ಫೋಟೊ ಮೊಬೈಲಿನಲ್ಲಿದ್ದರೆ ದಾರಿಯ ಊರುಗಳಲ್ಲಿ ಔಷಧ ಕೊಳ್ಳುವುದು ಸುಲಭ. ಪೆನ್ ಸಿಗದೆ ಸೀಸೆಯ ಇನ್ಸುಲಿನ್ ಕೊಳ್ಳಬೇಕಾಗಿ ಬಂದರೆ, ನಮ್ಮಲ್ಲಿ ಸೀಸೆಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನವು, ಪೆನ್ನುಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 100 ಯೂನಿಟ್ ಇರುತ್ತದೆ. ಆದ್ದರಿಂದ ಸೀಸೆಯ ಮೇಲಿನ ಅಂಕಿಗೆ ಹೊಂದುವ ಸಿರಿಂಜನ್ನೇ, ಅಂದರೆ 40ರ ಸೀಸೆಗೆ ಕೆಂಪು ಮುಚ್ಚಳದ 40ರ ಸಿರಿಂಜನ್ನೇ, ಅಂಗಡಿಯವರಿಂದ ಕೇಳಿ ಪಡೆಯಿರಿ.