ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬ ಯುವ ಆಟಗಾರನ ಮೌಲ್ಯದ ಬಗ್ಗೆ ಅಭಿಮಾನಿಗಳು ಅಷ್ಟೊಂದು ವಾದಿಸುವುದೇಕೆ?

ಒಂದು ಪಕ್ಷ ಆತ ಇಂದು ಗಳಿಸುವ ಅಂಕಗಳನ್ನು ಅಳೆಯುತ್ತದೆ, ಇನ್ನೊಂದು ಪಕ್ಷ ಆತ ಮುಂದೆ ಏನಾಗಬಲ್ಲನೆಂಬುದನ್ನು ಅಳೆಯುತ್ತದೆ; ವಾದ ಮುಗಿಯದಿರುವುದು ಇದರಿಂದಲೇ. ಮೊದಲ ವರ್ಷದ ಸರಾಸರಿ ಅಂಕ ಆಟಗಾರನ ಸಾಮರ್ಥ್ಯದಷ್ಟೇ ಅವನಿಗೆ ಸಿಕ್ಕ ಸಮಯವನ್ನೂ ಅವಲಂಬಿಸಿರುತ್ತದೆ ಎಂಬುದು ಇಲ್ಲಿ ಬಹಳ ಮುಖ್ಯ.

ಪರ್ಡ್ಯೂ ವಿಶ್ವವಿದ್ಯಾಲಯದ ಝ್ಯಾಕ್ ಈಡಿಯನ್ನೇ ನೋಡಿ. ಕೆನಡಾದ ಟೊರಾಂಟೊದಲ್ಲಿ ಐಸ್ ಹಾಕಿ, ಬೇಸ್‌ಬಾಲ್ ಆಡುತ್ತ ಬೆಳೆದ, 7 ಅಡಿ 4 ಅಂಗುಲ ಎತ್ತರದ ಈತ ಹದಿಹರೆಯದ ನಡುವಿನಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಬಂದವನು. 2020-21ರ ಮೊದಲ ಋತುವಿನಲ್ಲಿ ಆತನ ಸರಾಸರಿ ಕೇವಲ 8.7 ಅಂಕ. ಆದರೆ 40 ನಿಮಿಷಗಳ ಪಂದ್ಯದಲ್ಲಿ ಆತ ಅಂಗಳದಲ್ಲಿದ್ದದ್ದು ಸುಮಾರು 15 ನಿಮಿಷ ಮಾತ್ರ. ಅದೇ ವೇಗದಲ್ಲಿ ಇಡೀ ಪಂದ್ಯ ಆಡಿದ್ದರೆ ಅಂಕ 20 ದಾಟುತ್ತಿತ್ತು. ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ, ಏಕೆಂದರೆ ದೈತ್ಯದೇಹಿಗಳು ಬೇಗ ದಣಿಯುತ್ತಾರೆ, ಬೇಗ ಫೌಲ್‌ಗಳನ್ನೂ ಮಾಡುತ್ತಾರೆ. ಹಾಗಾಗಿ ಈಡಿಯ ನಿಜವಾದ ಬೆಳವಣಿಗೆಯನ್ನು ನಾನು ಕಾಣುವುದು ಆತ ಪಂದ್ಯಕ್ಕೆ 32 ನಿಮಿಷದಷ್ಟು ಆಡುವ ದಮ್ಮು ಗಳಿಸಿಕೊಂಡು, ಅಷ್ಟು ಹೊತ್ತೂ ಅದೇ ಪರಿಣಾಮವನ್ನು ಉಳಿಸಿಕೊಂಡದ್ದರಲ್ಲಿ. ಇದು ಅಪರೂಪದ ಸಾಧನೆ. ನಾಲ್ಕನೆಯ ವರ್ಷದಲ್ಲಿ ಸರಾಸರಿ 25.2 ಅಂಕಕ್ಕೇರಿತು, 2023 ಮತ್ತು 2024ರಲ್ಲಿ ಸತತವಾಗಿ ಅಮೆರಿಕದ ಶ್ರೇಷ್ಠ ಕಾಲೇಜು ಆಟಗಾರ ಎಂಬ ಗೌರವವೂ ದೊರೆಯಿತು.

ಇಷ್ಟಾದರೂ ವಾದ ನಿಲ್ಲಲಿಲ್ಲ. ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಎತ್ತರದ ಆಟಗಾರನೂ ಬುಟ್ಟಿಯಿಂದ ದೂರ ಬಂದು ಚುರುಕಾದ ಎದುರಾಳಿಗಳನ್ನು ತಡೆಯಬೇಕಾಗುತ್ತದೆ. ಈಡಿಗೆ ಅದು ಸಾಧ್ಯವೇ ಎಂದು ಹಲವರು ಶಂಕಿಸಿದರು. ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2024ರ ಡ್ರಾಫ್ಟ್‌ನಲ್ಲಿ ಮೆಂಫಿಸ್ ತಂಡ ಆತನನ್ನು 9ನೆಯ ಆಯ್ಕೆಯಾಗಿ ತೆಗೆದುಕೊಂಡಿತು.