ಪರ್ಯಾಪ್ತ ದ್ರಾವಣ ಅಂದರೆ ಸಾರತೆ ಜಾಸ್ತಿ ಇರಲೇಬೇಕಾ?

ಇರಬೇಕೆಂದೇನಿಲ್ಲ. ಸಾರತೆ ಅಂದರೆ ಇಷ್ಟು ದ್ರಾವಣದಲ್ಲಿ ಎಷ್ಟು ಕರಗಿದೆ ಎಂಬ ಲೆಕ್ಕ. ಇನ್ನು ಕರಗುವುದೇ ಇಲ್ಲ ಎಂಬ ಹಂತ ಬಂದರೆ ಅದು ಪರ್ಯಾಪ್ತ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರಿಗೆ ಸುಮಾರು 36 ಗ್ರಾಂ ಉಪ್ಪು ಹಿಡಿಯುತ್ತದೆ. 30 ಗ್ರಾಂ ಹಾಕಿದರೆ ಸಾರತೆ ಜಾಸ್ತಿಯೇ, ಆದರೆ ಪರ್ಯಾಪ್ತ ಅಲ್ಲ. ಸುಣ್ಣದ ತಿಳಿನೀರು ಇದಕ್ಕೆ ಉಲ್ಟಾ. ಲೀಟರಿಗೆ 2 ಗ್ರಾಂ ಕೂಡ ಕರಗುವುದಿಲ್ಲ, ಅಷ್ಟಕ್ಕೇ ಪರ್ಯಾಪ್ತ!

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದ್ದೀರಲ್ವಾ? ಸಮುದ್ರದ ನೀರಲ್ಲಿ ಲವಣ ನೂರಕ್ಕೆ ಸುಮಾರು 3.5 ಪಾಲು ಅಷ್ಟೇ. ಬಿಸಿಲಿಗೆ ನೀರು ಆರಿದಂತೆ ಸಾರತೆ ಏರುತ್ತದೆ. ಪರ್ಯಾಪ್ತ ಆದಮೇಲೂ ನೀರು ಆರುತ್ತಿದ್ದರೆ ಹೆಚ್ಚಾದ ಉಪ್ಪು ಹರಳಾಗಿ ತಳಕ್ಕೆ ಕೂರುತ್ತದೆ.

ಪರೀಕ್ಷೆಯಲ್ಲಿ ಉಷ್ಣತೆ ಎಷ್ಟೆಂದು ಬರೆಯಲು ಮರೆಯಬೇಡಿ. ಬಿಸಿ ಮಾಡಿದರೆ ಸಕ್ಕರೆ ಇನ್ನೂ ಜಾಸ್ತಿ ಕರಗುತ್ತದೆ, ಉಪ್ಪಿಗೆ ಅಷ್ಟೇನೂ ವ್ಯತ್ಯಾಸವಾಗುವುದಿಲ್ಲ.