ಮಂಡಕ್ಕಿ ಮೂಟೆ ಮತ್ತು ಗುರು ಗ್ರಹ

ನಮಸ್ಕಾರ.

ನೀವು ಕಳಿಸಿದ 'ಗ್ರಹಗಳ ತೂಕ ಎಷ್ಟು?' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ಎತ್ತಿಟ್ಟುಬಿಡಿ ಎನ್ನುತ್ತಿಲ್ಲ. ತಿದ್ದಿದರೆ ಒಳ್ಳೆಯ ಲೇಖನ ಆಗುತ್ತದೆ.

ಮೊದಲು ತಪ್ಪುಗಳು. 'ಗುರು ಗ್ರಹ ಭೂಮಿಗಿಂತ 1,300 ಪಟ್ಟು ಭಾರ' ಎಂದು ಬರೆದಿದ್ದೀರಿ. ಅದು ಗಾತ್ರದ ಲೆಕ್ಕ. ಗುರುವಿನಷ್ಟು ಜಾಗದಲ್ಲಿ 1,300 ಭೂಮಿ ಹಿಡಿಸುತ್ತವೆ, ನಿಜ. ತಕ್ಕಡಿಯ ಮಾತು ಬಂದರೆ 318 ಭೂಮಿಗಳೇ ಸಾಕು. ಯುರೇನಸ್ ವಿಷಯದಲ್ಲೂ ಹೀಗೇ ಎಡವಿದ್ದೀರಿ. ಅದು ನೆಪ್ಚೂನ್‌ಗಿಂತ ದೊಡ್ಡದು, 'ಹಾಗಾಗಿ' ಭಾರವೂ ಜಾಸ್ತಿ ಎಂದಿದ್ದೀರಿ. ಆ 'ಹಾಗಾಗಿ' ಎಲ್ಲಿಂದ ಬಂತು? ಯುರೇನಸ್ ಅಗಲದಲ್ಲಿ ಸ್ವಲ್ಪ ದೊಡ್ಡದು, ಅಷ್ಟೇ. ಭಾರದಲ್ಲಿ ನೆಪ್ಚೂನ್‌ದೇ ಮೇಲುಗೈ. ಸಂತೆಯಲ್ಲಿ ಮಂಡಕ್ಕಿ ಮೂಟೆ ನೋಡಿದ್ದೀರಿ ಅಲ್ವಾ? ಪಕ್ಕದ ಅಕ್ಕಿ ಚೀಲಕ್ಕಿಂತ ದೊಡ್ಡದು. ಆದರೂ ಹುಡುಗ ಒಂದೇ ಕೈಯಲ್ಲಿ ಎತ್ತುತ್ತಾನೆ.

ಶೀರ್ಷಿಕೆಯಲ್ಲಿ 'ತೂಕ' ಇರಲಿ, ಜನರ ಮಾತು ಅದೇ. ಒಳಗೆ ಒಂದು ಕಡೆಯಾದರೂ ನೀವು ಹೇಳುತ್ತಿರುವುದು ದ್ರವ್ಯರಾಶಿ, ಅಂದರೆ ಗ್ರಹದಲ್ಲಿ ಎಷ್ಟು ದ್ರವ್ಯ ತುಂಬಿದೆ ಎಂಬ ಲೆಕ್ಕ, ಎಂದು ಬಿಡಿಸಿ ಹೇಳಿ. ತೂಕ ಅಂದರೆ ನಿಂತ ಜಾಗದಲ್ಲಿ ಗ್ರಹ ನಮ್ಮನ್ನು ಎಷ್ಟು ಎಳೆಯುತ್ತದೆ ಎಂಬುದು. ಮಂಗಳ ಬುಧನಿಗಿಂತ ಸುಮಾರು ಎರಡು ಪಟ್ಟು ಭಾರ. ಆದರೆ ಇಲ್ಲಿ 60 ಕೆಜಿ ತೂಗುವವರು ಆ ಎರಡರ ಮೇಲೂ ಸುಮಾರು 23 ಕೆಜಿಯಷ್ಟೇ ತೂಗುತ್ತಾರೆ. ಬುಧ ಚಿಕ್ಕದು. ಅದರ ಮೇಲೆ ನಿಂತವರು ಕೇಂದ್ರಕ್ಕೆ ಹೆಚ್ಚು ಹತ್ತಿರ ಇರುತ್ತಾರೆ, ಹತ್ತಿರವಾದಷ್ಟೂ ಎಳೆತ ಜಾಸ್ತಿ, ಅದಕ್ಕೇ ಹೀಗೆ. ಓದುಗರಿಗೆ ಇದು ಖುಷಿ ಕೊಡುತ್ತದೆ.

ಇನ್ನು ಆ ಪಟ್ಟಿ. ಭೂಮಿಯ ಎದುರು 597 ಬರೆದು 22 ಸೊನ್ನೆ ಹಾಕಿದ್ದೀರಿ. ಉಳಿದ ಏಳಕ್ಕೂ ಅದೇ ಕಥೆ. ಸೊನ್ನೆ ಎಣಿಸುತ್ತಾ ಯಾರು ಕೂರುತ್ತಾರೆ? ಭೂಮಿಯನ್ನು 1 ಕೆಜಿ ಅಕ್ಕಿ ಅಂದುಕೊಳ್ಳಿ. ಆಗ ಬುಧ 55 ಗ್ರಾಂ, ಮಂಗಳ 107 ಗ್ರಾಂ, ಶುಕ್ರ 815 ಗ್ರಾಂ. ಯುರೇನಸ್ 14.5 ಕೆಜಿ, ನೆಪ್ಚೂನ್ 17, ಶನಿ 95. ಗುರು ಬಂದರೆ 25 ಕೆಜಿಯ ಹದಿಮೂರು ಚೀಲ ಬೇಕು. ಉಳಿದ ಏಳನ್ನೂ ಒಟ್ಟಿಗೆ ತೂಗಿದರೂ 129 ಕೆಜಿ ದಾಟುವುದಿಲ್ಲ. ಸೂರ್ಯನಿಗೆ ಮಾತ್ರ ಲಾರಿಗಳ ಸಾಲೇ ಬೇಕು, 333 ಟನ್.

ನನಗೆ ನಿಜಕ್ಕೂ ಬೇಸರ ತಂದದ್ದು ಬೇರೆ. ಇಷ್ಟೆಲ್ಲ ಭಾರ ಹೇಳಿದಿರಿ, ಯಾರು ಹೇಗೆ ತೂಗಿದರು ಎಂದು ಒಂದು ಸಾಲೂ ಇಲ್ಲ. ಗ್ರಹಕ್ಕೆ ತನ್ನದೇ ಚಂದ್ರನಿದ್ದರೆ ಕೆಲಸ ಸುಲಭ. ಅದು ಎಷ್ಟು ದೂರದಲ್ಲಿ, ಎಷ್ಟು ದಿನಕ್ಕೆ ಸುತ್ತುತ್ತದೆ ಎಂದು ಗೊತ್ತಾದರೆ ಗ್ರಹದ ಭಾರ ಲೆಕ್ಕಕ್ಕೆ ಸಿಗುತ್ತದೆ. ಬುಧ, ಶುಕ್ರರಿಗೆ ಚಂದ್ರನೇ ಇಲ್ಲ. ನಿಖರ ಉತ್ತರಕ್ಕೆ ಬಾಹ್ಯಾಕಾಶ ನೌಕೆಗಳು ಪಕ್ಕದಲ್ಲಿ ಹಾದುಹೋಗಬೇಕಾಯಿತು. ಶುಕ್ರನ ಬಳಿ 1962ರಲ್ಲಿ ಮ್ಯಾರಿನರ್ 2, ಬುಧನ ಬಳಿ 1974ರಲ್ಲಿ ಮ್ಯಾರಿನರ್ 10. ಗ್ರಹ ಎಳೆದಾಗ ನೌಕೆಯ ದಾರಿ ಎಷ್ಟು ಬಾಗಿತು ಎಂದು ನೋಡಿ ಲೆಕ್ಕ ಹಾಕಿದರು.

ನಿಮ್ಮ ಕೊನೆಯ ಪುಟದಲ್ಲಿ ಸುಮ್ನೆ ಒಂದು ಸಾಲು ಬಂದು ಹೋಗುತ್ತದೆ: 'ಪ್ಲೂಟೊಗೆ ಶರೋನ್ ಎಂಬ ಚಂದ್ರ ಇದೆ.' ಲೇಖನ ಶುರುವಾಗಬೇಕಾದದ್ದೇ ಅಲ್ಲಿ! ಪ್ಲೂಟೊ ಸಿಕ್ಕ ಹೊಸದರಲ್ಲಿ ಅದು ಭೂಮಿಯಷ್ಟೇ ಭಾರ ಇರಬಹುದು ಎಂಬ ಅಂದಾಜಿತ್ತು. 1978ರಲ್ಲಿ ಜೇಮ್ಸ್ ಕ್ರಿಸ್ಟಿ ಎಂಬ ಖಗೋಳ ವಿಜ್ಞಾನಿ ಪ್ಲೂಟೊದ ಫೋಟೊಗಳಲ್ಲಿ ಒಂದು ಉಬ್ಬು ಕಂಡರು. ಉಬ್ಬು ಜಾಗ ಬದಲಿಸುತ್ತಿತ್ತು. ಅದೇ ಶರೋನ್, ಆರೂವರೆ ದಿನದೊಳಗೆ ಒಂದು ಸುತ್ತು. ಲೆಕ್ಕ ಹಾಕಿದರೆ ಪ್ಲೂಟೊ ನಮ್ಮ ತಕ್ಕಡಿಯಲ್ಲಿ ಬರೀ 2 ಗ್ರಾಂ. ಒಂದು ಚಿಟಿಕೆ ಅಕ್ಕಿ.

'ಅನಂತ ಬ್ರಹ್ಮಾಂಡದ ಮಡಿಲಲ್ಲಿ' ಎಂದು ಶುರುವಾಗುವ ಮೊದಲ ಮೂರು ಪ್ಯಾರಾ ತೆಗೆದುಹಾಕಿ. ಆ ಉಬ್ಬಿನಿಂದ ಶುರುಮಾಡಿ, 800 ಪದದೊಳಗೆ ಮುಗಿಸಿ ಮತ್ತೆ ಕಳಿಸಿ. ತಕ್ಕಡಿಯ ಚಿತ್ರ ನಾವೇ ಬರೆಸುತ್ತೇವೆ. ಸೊನ್ನೆಗಳ ಪಟ್ಟಿ ಮಾತ್ರ ದಯವಿಟ್ಟು ಬೇಡ.

— ಸಂಪಾದಕ